ಚೌರಪ್ಪ ಮೇಷ್ಟ್ರ ಪುಸ್ತಕದ ಅಂಚು

ಹೋದ ವಾರ ಅಬ್ಬಾ ಅಂಗಡಿಯಾಗೆ ಹೊಸ ಅಂಟು ಕಾಯಿಸಿದ್ರು. ಮೈದಾ ಹಿಟ್ಟು, ನೀರು, ಹುಳ ಬೀಳಬಾರ್ದು ಅಂತ ಒಂದು ಚಿಟಿಕೆ ಮೈಲುತುತ್ತ. ಆ ವಾಸನೆ ಹೆಂಗಿರ್ತೈತೆ ಅಂದ್ರೆ, ಸೀದುಹೋದ ದೋಸೆಗೂ ಸರ್ಕಾರಿ ಆಸ್ಪತ್ರೆಗೂ ಮದುವೆ ಆದಂಗೆ. ಬೇರೆಯೋರು ಮೂಗು ಮುಚ್ಕೊಂಡು ಓಡ್ತಾರೆ. ನಾನು ಮಾತ್ರ ಡಬ್ಬಿ ಮೇಲೆ ಬಗ್ಗಿ ನಿಂತ್ಕೊಂತೀನಿ. ಎರಡು ವರ್ಷದ ಹಿಂದಿನ ಮಳೆಗಾಲ ಪೂರ್ತಿ ಆ ಅಂಟಿನ ಡಬ್ಬಿಯಾಗೇ ಕುಂತೈತೆ.

ನಾನು ನಗ್ಮಾ. ದಾವಣಗೆರೆ ಮಂಡಿಪೇಟೆಯಾಗೆ ನಮ್ಮದು ಬೈಂಡಿಂಗ್ ಅಂಗಡಿ. ದೊಡ್ಡದು ಅನ್ಕೋಬ್ಯಾಡ್ರಿ, ಗಿರಾಕಿ ಒಬ್ಬರು ಒಳಗೆ ಬಂದ್ರೆ ಮನೆಯೋರು ಒಬ್ಬರು ಉಸಿರು ಹಿಡ್ಕೋಬೇಕು. ಎಡಕ್ಕೆ ಬೆಲ್ಲದ ಮಂಡಿ, ಬಲಕ್ಕೆ ಇಸ್ಮಾಯಿಲ್ ಚಾಚಾನ ಬಳೆ ಹೋಲ್‌ಸೇಲ್. ನಮ್ಮ ಪುಸ್ತಕಕ್ಕೆ ಎಡಗಡೆಯಿಂದ ಇರುವೆ ಬರ್ತಾವೆ, ಬಲಗಡೆಯಿಂದ ಗಿರಾಕಿ ಹೆಂಗಸರು ದಾರಿ ತಪ್ಪಿ ಬರ್ತಾರೆ.

ಆ ವರ್ಷ ನಾನು ಫಸ್ಟ್ ಪಿಯುಸಿ. ಜೂನಿನ ಮೊದಲ್ನೇ ಜೋರು ಮಳೆಗೆ ಅಬ್ಬಾ ನಿಟ್ಟುವಳ್ಳಿಯಾಗಿರೋ ನಮ್ಮ ಮನೆ ಮೆಟ್ಟಿಲ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರ್ಕೊಂಡ್ರು. ಕೈಗೆ ಪ್ಲಾಸ್ಟರ್ ಬಿತ್ತು. ಮೂಳೆ ಸರಿಯಾಗಿ ಕೂಡ್ಲಿಲ್ಲ ಅಂತ ಡಾಕ್ಟ್ರು ಅದನ್ನ ಒಡೆದು ಇನ್ನೊಂದು ಹಾಕಿದ್ರು. ಅಮ್ಮಿ, "ಅಂಗಡಿ ಮುಚ್ಚಿಬಿಡಾಣ" ಅಂದ್ರು. ನಾನು ಗೋಡೆಗೆ ಒರಗಿ, ಒಂದು ಹುಬ್ಬು ಏರಿಸಿ, "ಯಾಕ? ನಾನಿಲ್ವಾ?" ಅಂದೆ. ಅಂದಿದ್ದ ಸ್ಟೈಲಿಗೆ ನನಗೆ ನಾನೇ ಫಿದಾ ಆದೆ. ಅವತ್ತಿಂದ ಕಾಲೇಜು ಬಿಟ್ಟ ಕೂಡ್ಲೇ ಅಂಗಡಿ ನಂದು. ಹೊಲಿಗೆ ನಂದು, ಅಂಟು ನಂದು, ಕಟಿಂಗ್ ಮಶಿನ್ನೂ ನಂದು.

ಮಶಿನ್ ಬಗ್ಗೆ ಹೇಳ್ಬೇಕು. ಅಬ್ಬಾನ ಅಬ್ಬಾ ತಂದಿದ್ದು. ಮೇಲೆ ಲಾರಿ ಸ್ಟೇರಿಂಗಿನಂಥ ಚಕ್ರ, ಪಕ್ಕದಾಗೆ ಹಿಡಿ, ನಡುವೆ ಬ್ಲೇಡು. ಆ ಬ್ಲೇಡು ಕಬ್ಬಿಣದ ಬೀರೂನೂ ಕತ್ತರಿಸ್ತೈತೆ ಅಂತ ನಾನು ಕಾಲೇಜಿನಾಗೆ ಹೇಳ್ಕೊಂಡು ತಿರುಗ್ತಿದ್ದೆ. ಪುಸ್ತಕ ಹೊಲಿದು, ಬೆನ್ನಿಗೆ ಅಂಟು ಹಚ್ಚಿ, ಒಣಗಿದ ಮೇಲೆ ಮೂರು ಕಡೆ ಅಂಚು ಹೊಡಿಬೇಕು, ಸಮ ಆಗೋಹಂಗೆ ಕತ್ತರಿಸ್ಬೇಕು. ಇದು ನಮ್ಮ ಮನೆ ನಿಯಮ. ಪುಸ್ತಕ ಕೈಗೆ ಬಂದ್ರೆ ಅಬ್ಬಾ ಓದಲ್ಲ, ಹೆಬ್ಬೆಟ್ಟು ಅಂಚಿನ ಮೇಲೆ ಓಡಿಸ್ತಾರೆ. ಹೆಬ್ಬೆಟ್ಟಿಗೆ ಒಂದು ಹಾಳಿ ಎತ್ತರ ತಗ್ಗು ಸಿಕ್ಕಿತೋ, "ಇದನ್ನ ಯಾರು ಕಟ್ಟಿದ್ದು? ಕಟುಕನಾ?" ಅಂತ ಕೇಳ್ತಾರೆ. ಅಂಚು ಹೊಡೆದಾಗ ಬಿದ್ದ ಕತ್ರನ್ನು, ಅಂದ್ರೆ ಬೆರಳಗಲದ ಕಾಗದದ ಪಟ್ಟಿಗಳು, ಚೀಲದಾಗೆ ತುಂಬಿ ಅಂಗಡಿ ಮುಚ್ಚೋ ಹೊತ್ತಿಗೆ ಇಸ್ಮಾಯಿಲ್ ಚಾಚಾಗೆ ಕೊಡೋದು. ಅವ್ರು ಅದನ್ನ ಗಾಜಿನ ಬಳೆ ಪೆಟ್ಟಿಗೆಯಾಗೆ ಮೆತ್ತಗೆ ಹಾಸ್ತಾರೆ, ಡಜನ್ ಡಜನ್ನಿಗೆ ಸುತ್ತುತಾರೆ. ಈದಿಗೆ ಅಮ್ಮಿಗೆ ಎರಡು ಡಜನ್ ಬಳೆ ಬರ್ತಾವೆ. ಅಜ್ಜನ ಕಾಲದಿಂದ ಹಿಂಗೇ ನಡ್ದೈತೆ.

ಜುಲೈನ ಒಂದು ಮಧ್ಯಾಹ್ನ, ಜಿಟಿಜಿಟಿ ಮಳೆಯಾಗೆ, ಒಬ್ಬರು ವಯಸ್ಸಾದೋರು ಬಂದ್ರು. ಬಿಳಿ ಶರ್ಟು, ದಪ್ಪ ಕನ್ನಡಕ, ಎದೆಗೆ ಅವಚಿಕೊಂಡ ಪ್ಲಾಸ್ಟಿಕ್ ಗಂಟು. ತಾವು ಪೂರ್ತಿ ತೊಯ್ದಿದ್ರು, ಗಂಟಿನ ಮೇಲೆ ಒಂದು ಹನಿ ಇರ್ಲಿಲ್ಲ.

"ನಿಮ್ಮ ಅಬ್ಬಾ ಇಲ್ಲೇನವ್ವ?"

"ಕೈ ಮುರ್ಕೊಂಡಾರೆ ಸರ್. ನಾನಿದೀನಲ್ಲ. ಕೊಡ್ರಿ."

ಅವ್ರು ನನ್ನ ಕೈ ನೋಡಿದ್ರು, ಮಶಿನ್ ನೋಡಿದ್ರು, ಕೊಡಬೇಕೋ ಬ್ಯಾಡೋ ಅಂತ ಗಂಟನ್ನ ಇನ್ನೊಂದು ಸಲ ತಬ್ಬಿಕೊಂಡ್ರು. ಅವ್ರೇ ಚೌರಪ್ಪ ಮೇಷ್ಟ್ರು. ಹರಿಹರದಾಗೆ ಮನೆ. ಪಾದ್ರಿ ಆಗೋರಿಗೆ ಪಾಠ ಹೇಳೋ ಒಂದು ಕಾಲೇಜಿನಾಗೆ ಗ್ರೀಕ್ ಭಾಷೆ, ಕ್ರೈಸ್ತ ಸಭೆಯ ಚರಿತ್ರೆ ಹೇಳ್ಕೊಟ್ಟು ರಿಟೈರ್ ಆದೋರು. ಗಂಟಿನಾಗೆ ಇದ್ದದ್ದು ಅವ್ರು ಮೂವತ್ತು ವರ್ಷದಿಂದ ಕೈಯಾಗೆ ಬರೆದ ಪುಸ್ತಕ. ಏಸು ಹೋದ ಮೇಲಿನ ಮೊದಲ ಇನ್ನೂರು ಮುನ್ನೂರು ವರ್ಷ ಊರೂರಿನ ಸಣ್ಣ ಸಣ್ಣ ಸಭೆಗಳು, ಅಂದ್ರೆ ಕೂಡಿ ಪ್ರಾರ್ಥನೆ ಮಾಡೋ ಭಕ್ತರ ಗುಂಪುಗಳು, ಒಂದಕ್ಕೊಂದು ಪತ್ರ ಬರ್ಕೊಂತಿದ್ವಂತೆ. ಆ ಪತ್ರಗಳನ್ನ ಯಾರು ಹೊತ್ರು, ಯಾರು ನಕಲು ಮಾಡಿದ್ರು, ನಕಲು ಮಾಡುವಾಗ ಎಲ್ಲೆಲ್ಲಿ ತಪ್ಪಿದ್ರು, ಅದರ ಲೆಕ್ಕಾಚಾರ.

"ಶ್ರಾವಣದ ಕೊನೇ ಶನಿವಾರ ಕಾಲೇಜಿನೋರು ಬಂದು ಅಚ್ಚಿಗೆ ಒಯ್ತಾರೆ," ಅಂದ್ರು. "ಬಿಡಿ ಹಾಳಿ ಕೊಟ್ರೆ ಹಿಂದುಮುಂದು ಆಗ್ತಾವೆ ಅಂತ ಕಟ್ಟಿಸ್ತಿದೀನಿ. ಒಂದು ಕಣ್ಣು ಹೋಗೇ ಹೋತು. ಇನ್ನೊಂದಕ್ಕೆ ಡಾಕ್ಟ್ರು ಗ್ಯಾರಂಟಿ ಕೊಡವಲ್ರು. ಮತ್ತೊಂದು ಸಲ ಬರ್ಯೋದು ನನ್ನ ಕೈಲಿ ಆಗಲ್ಲ."

ಈ ಮಾತಿಗೆ ಯಾರಾದ್ರೂ ಗಂಭೀರ ಆಗ್ಬೇಕು. ನಾನು ಮೇಲಿನ ಹಾಳಿಯಾಗೆ ಗ್ರೀಕ್ ಅಕ್ಷರ ಕಂಡು ಎಗರಿಬಿದ್ದೆ. "ಆಲ್ಫಾ! ಬೀಟಾ! ಥೀಟಾ!"

ಮೇಷ್ಟ್ರ ಮುಖ ಬಲ್ಬು ಹತ್ತಿದಂಗೆ ಆತು. "ಗ್ರೀಕ್ ಬರ್ತೈತೇನವ್ವ ನಿಂಗೆ?"

"ಏನೋ, ಸ್ವಲ್ಪ ಸ್ವಲ್ಪ ಸರ್." ನಂಗೆ ಗ್ರೀಕ್ ಅಂದ್ರೆ ತ್ರಿಕೋನದ ಮೂಲೆಗೆ ಇಡೋ ಹೆಸರು. ಅದಕ್ಕಿಂತ ಮುಂದೆ ಒಂದು ಹೆಜ್ಜೆ ಗೊತ್ತಿಲ್ಲ.

"ಹಂಗಾದ್ರೆ ಈ ಸಾಲು ಓದು ನೋಡಾಣ."

"ಸರ್, ಮಳೆ ಜೋರಾಗ್ತೈತೆ, ಬಸ್ ತಪ್ಪಿಸ್ಕೊಂತೀರಿ."

ಅವ್ರು ನಗ್ತಾ ಎದ್ರು. ಬಾಗಿಲಾಗೆ ತಿರುಗಿ ನಿಂತು ಇನ್ನೊಂದು ಏನೋ ಹೇಳಿದ್ರು. ನಾನು ಆಗ ಗಾಮಾ ಆದ್ಮೇಲೆ ಡೆಲ್ಟಾನೋ ಲ್ಯಾಂಬ್ಡಾನೋ ಅಂತ ತಲೆಯಾಗೆ ಜೋಡಿಸ್ಕೊಂತಿದ್ದೆ, ಮುಂದಿನ ಸಲಕ್ಕೆ ಇರ್ಲಿ ಅಂತ. "ಆತ್ರಿ ಸರ್, ಆತ್ರಿ," ಅಂದೆ.

ಆ ಪುಸ್ತಕ ನಾನು ಹೊಲಿದ ಹೊಲಿಗೆ ನೋಡಿದ್ರೆ ನೀವು ನಿಮ್ಮ ಮದುವೆ ಶೇರ್ವಾನಿ ನನ್ನ ಹತ್ರ ಹೊಲಿಸ್ತಿದ್ರಿ. ಬೆನ್ನಿಗೆ ಅಂಟು ಹಚ್ಚಿದೆ, ಎರಡು ದಿನ ಒಣಗಿಸಿದೆ. ಆಮೇಲೆ ಮಶಿನ್ನಿಗೆ ಕೊಟ್ಟು ಚಕ್ರ ತಿರುವಿದೆ. ಹೊಡೆದೆ. ತಲೆ, ಕಾಲು, ಮುಂದಿನ ಅಂಚು. ಅಂಚು ಎಷ್ಟು ನುಣ್ಣಗೆ ಬಂತಂದ್ರೆ ಅದರಾಗೆ ಮುಖ ನೋಡ್ಕೊಂಡು ಕಾಡಿಗೆ ಹಚ್ಕೋಬಹುದಿತ್ತು. ಕತ್ರನ್ ಚೀಲಕ್ಕೆ ತುಂಬಿ ಇಸ್ಮಾಯಿಲ್ ಚಾಚಾಗೆ ಕೊಟ್ಟು, ಶಿಳ್ಳೆ ಹೊಡ್ಕೊಂತ ಮನೆಗೆ ಹೋದೆ.

ಮಾರನೇ ದಿನ ರಟ್ಟು ಕೂಡಿಸೋಕೆ ಪುಸ್ತಕ ತೆಗೆದೆ. ಸುಮ್ನೆ ಒಂದು ಹಾಳಿ ತಿರುವಿದೆ. ಅಂಚಿನಾಗೆ ಇರುವೆ ಸಾಲಿನಂಥ ಸಣ್ಣ ಅಕ್ಷರ. "ಈ ಮಾತು ಮೂಲದಾಗೆ ಇಲ್ಲ, ನಕಲು ಮಾಡಿದವ" ಅಂತ ಐತೆ, ಆಮೇಲೆ ಹಾಳಿನೇ ಇಲ್ಲ, ಬರೀ ಗಾಳಿ. ಇನ್ನೊಂದು ಹಾಳಿ. "ಇದು ತಪ್ಪು, ಸರಿಯಾದ ಪಾಠ" ಗಾಳಿ. ಮತ್ತೊಂದು. ಒಂದು 'ಣ' ಅರ್ಧಕ್ಕೆ ಕತ್ತರಿಸಿ ಹೋಗಿ ಒಂಟಿ ಕಾಲಾಗೆ ನಿಂತಿತ್ತು.

ಆಗ ನೆನಪಾತು ಬಾಗಿಲಾಗೆ ನಿಂತು ಮೇಷ್ಟ್ರು ಹೇಳಿದ್ದು. ಒಂದೊಂದು ಅಕ್ಷರವೂ ನೆನಪಾತು. "ಅಂಚಿನಾಗೆ ನನ್ನ ತಿದ್ದುಪಡಿ ಅದಾವೆ. ಅಂಚು ಮಾತ್ರ ಹೊಡೀಬ್ಯಾಡವ್ವ."

ನನ್ನ ಕಾಲಾಗಿನ ರಕ್ತ ಹೊಸಿಲು ದಾಟಿ ಹೋಗಿ ಪಿ.ಬಿ. ರೋಡಿಗೆ ಸೇರಿತು ಅನ್ಸುತ್ತೆ. ಕುಂತು ಲೆಕ್ಕ ಹಾಕಿದೆ. ಅಂಚಿನಾಗೆ ಬರಹ ಇದ್ದ ಹಾಳಿ ಎಂಬತ್ತೇಳು. ಎಂಬತ್ತೇಳರ ಬಾಲನೂ ನಾನು ಕತ್ತರಿಸಿದ್ದೆ. ಓಡಿದೆ ಪಕ್ಕದ ಅಂಗಡಿಗೆ.

"ಚಾಚಾ, ನಿನ್ನೆ ಕೊಟ್ಟ ಕತ್ರನ್ ಚೀಲ?"

"ಅರೆ ಬೇಟಾ, ಅದು ಆವಾಗ್ಲೇ ಹೋತು. ಶ್ರಾವಣ ಹತ್ರ ಬಂತಲ್ಲ. ಹರಿಹರದ ಶಾರದಕ್ಕಂಗೆ ನಾಲ್ಕು ಪೆಟ್ಟಿಗೆ ಕಳಿಸಿದೆ, ಎಲ್ಲಾ ಅದರಾಗೇ ಹಾಸಿದೆ. ಯಾಕ?"

"ಏನಿಲ್ಲ ಚಾಚಾ. ಜನರಲ್ ನಾಲೆಡ್ಜ್."

ನೋಡ್ರಿ ತಮಾಷೆ. ಪುಸ್ತಕ ಹರಿಹರದಿಂದ ದಾವಣಗೆರೆಗೆ ಬಂದಿತ್ತು, ಅದರ ಅಂಚು ಪುಸ್ತಕಕ್ಕಿಂತ ಮುಂಚೆ ವಾಪಸ್ ಹರಿಹರಕ್ಕೆ ಹೋಗಿತ್ತು.

ಭಾನುವಾರ ಬೆಳಿಗ್ಗೆ ಬಸ್ ಹತ್ತಿದೆ. ಶಾರದಕ್ಕನ ಬಳೆ ಅಂಗಡಿ ಹರಿಹರದ ಪೇಟೆಯಾಗೆ. ಶಾರದಕ್ಕ ಅಂದ್ರೆ ಎರಡು ಆಳು ಅಗಲ, ನಾಲ್ಕು ಆಳು ದನಿ. ಒಬ್ಬ ಹೆಂಗಸಿನ ಕೈಗೆ ಸೋಪು ಹಚ್ಚಿ ಬಳೆ ಏರಿಸ್ತಾ ಇದ್ಲು.

"ಬಾರವ್ವ, ಹಸಿರು ಇಡ್ಲೋ, ಕೆಂಪು ಇಡ್ಲೋ?"

"ಅಕ್ಕಾ, ಬಳೆ ಬ್ಯಾಡ. ಅದಕ್ಕೆ ಸುತ್ತಿದ ಕಾಗದ ಬೇಕು."

ಶಾರದಕ್ಕ ಬಳೆ ಏರಿಸೋದು ನಿಲ್ಲಿಸಿದ್ಲು. ಸೋಪು ಹಚ್ಚಿದ ಹೆಂಗಸೂ ನನ್ನ ಕಡೆ ತಿರುಗಿ ನೋಡಿದ್ಲು. "ಇಪ್ಪತ್ತೈದು ವರ್ಷ ಆತು ಅಂಗಡಿ ಇಟ್ಟು," ಅಂದ್ಲು ಶಾರದಕ್ಕ. "ಬಾಳೆಹಣ್ಣು ಬ್ಯಾಡ, ಸಿಪ್ಪೆ ಕೊಡು ಅಂತ ಕೇಳ್ದಾಕಿ ನೀನೇ ಮೊದಲು."

ನಾನು ಅತ್ತೆ. ನಟನೆ ಅಂತ ಶುರು ಮಾಡಿದ್ದು, ಮಧ್ಯದಾಗೆ ನಿಜ ಆಗಿಬಿಡ್ತು. ಪೂರ್ತಿ ಹೇಳ್ಲಿಲ್ಲ, ಒಬ್ಬ ಮೇಷ್ಟ್ರ ಬರಹ ಅದರಾಗೆ ಸೇರಿಬಿಟ್ಟೈತೆ ಅಂದೆ ಅಷ್ಟೆ. ಶಾರದಕ್ಕ ಒಂದು ಕರಾರು ಹಾಕಿದ್ಲು. ನಾಲ್ಕೂ ಪೆಟ್ಟಿಗೆ ನಾನೇ ಬಿಚ್ಚಬೇಕು, ಡಜನ್ ಡಜನ್ ತೆಗೆದು ಸೈಜು, ಬಣ್ಣದ ಪ್ರಕಾರ ಕಂಬಿಗೆ ಏರಿಸ್ಬೇಕು, ಒಂದೂ ಒಡೀಬಾರ್ದು. ಆಮೇಲೆ ಕಾಗದ ಎಲ್ಲಾ ನಂದು.

ಬೆಳಿಗ್ಗೆಯಿಂದ ಸಂಜೆವರೆಗೂ ಬಿಚ್ಚಿದೆ. ಅವತ್ತು ನಾನು ಮುಟ್ಟಿದಷ್ಟು ಬಳೆ ಇಡೀ ಹರಿಹರ ತಾಲೂಕಿನ ಹೆಂಗಸರು ಜನ್ಮದಾಗೆ ಮುಟ್ಟಿರಲ್ಲ. ನಡುವೆ ಮೂರು ಬಳೆ ಒಡೆದ್ವು. ಪ್ರತಿ ಸಲ ಶಾರದಕ್ಕ ಚೂರು ಎತ್ತಿ ನನ್ನ ಮುಂದೆ ಸಾಲಾಗಿ ಇಟ್ಲು, ಬೈದಿದ್ರೇ ಚೆನ್ನಾಗಿತ್ತು. ಅದರಾಗೆ ಗಿರಾಕಿ ಬೇರೆ ಬರ್ತಾನೇ ಇದ್ರು. ಒಬ್ಬ ಅಕ್ಕ ಆವಾಗ್ಲೇ ಒಂದು ಡಜನ್ ಕಟ್ಟಿಸ್ಕೊಂಡು ಹೊರಟಿದ್ಲು, ಮೇಲೆ ಸುತ್ತಿದ ಪಟ್ಟಿಯಾಗೆ ನೀಲಿ ಇಂಕು ಕಂಡಂಗಾತು. ಬಸ್ ಸ್ಟ್ಯಾಂಡಿನವರೆಗೂ ಓಡಿದೆ. "ಅಕ್ಕಾ, ಬಳೆ ನಿಮ್ಮದು, ಕಾಗದ ನಂದು!" ಆಕಿ ಹೆದರಿ ಬಳೆನೂ ಕೊಡೋಕೆ ಬಂದ್ಲು.

ಸಂಜೆಗೆ ಒಂದು ಚೀಲ ತುಂಬ ಪಟ್ಟಿ ಹೊತ್ಕೊಂಡು ಬಂದೆ. ಅದರಾಗೆ ಯಾವ್ಯಾವುದೋ ಬ್ಯಾಂಕಿನ ರಿಜಿಸ್ಟರಿಂದು, ಯಾವ್ಯಾವುದೋ ಶಾಲೆ ಹಾಜರಿಯದು, ಮೇಷ್ಟ್ರದ್ದು, ಎಲ್ಲಾ ಕಲಸಿದ ಶಾವಿಗೆ ಆಗಿತ್ತು. ಯಾವುದನ್ನ ಯಾವುದಕ್ಕೆ ಕೂಡಿಸೋದು? ದಾವಣಗೆರೆ ಹುಡುಗಿ ನಾನು, ಬೆಣ್ಣೆದೋಸೆ ಮುಂದೆ ಇಟ್ರೂ ಅವತ್ತಿಂದ ಗಂಟಲಾಗೆ ಇಳೀಲಿಲ್ಲ. ಅಮ್ಮಿ ಹಣೆ ಮುಟ್ಟಿ ನೋಡಿದ್ರು. ಅಬ್ಬಾ ಪ್ಲಾಸ್ಟರ್ ಕೈ ಮೇಲೆ ಗದ್ದ ಇಟ್ಕೊಂಡು, "ಪುಸ್ತಕ ಕಟ್ಟೋದು ಅಂದ್ರೆ ಹಿಂಗೇ ಬೇಟಾ, ಜವಾಬ್ದಾರಿ ಬಂತಂದ್ರೆ ಹಸಿವು ಹೋಗ್ತೈತೆ," ಅಂತ ಹೆಮ್ಮೆ ಪಟ್ರು. ನಾನು ತಟ್ಟೆ ಅವ್ರ ಕಡೆ ಸರಿಸಿ ಎದ್ದೆ.

ಆಮೇಲೆ ನಾನು ಮಾಡಿದ್ದು ಐತಲ್ಲ, ಅದನ್ನ ಕಳ್ಳ ಕೂಡ ಮಾಡಲ್ಲ. ಯಾರ ಮನೆಯಾಗೆ ಕನ್ನ ಹಾಕಿದ್ನೋ ಅವ್ರ ಮನೆಗೇ ಹೋಗಿ, ಬೀಗ ರಿಪೇರಿ ಹೆಂಗೆ ಅಂತ ಕೇಳಿದೆ.

ಮೇಷ್ಟ್ರ ಮನೆ ಚರ್ಚಿನ ಹಿಂದಿನ ಓಣಿಯಾಗೆ. ಅವ್ರು, ಅವ್ರ ತಂಗಿ ಅಂತೋಣಮ್ಮ, ಇಬ್ರೇ. "ಸರ್, ಪುಸ್ತಕ ಇನ್ನೂ ಆಗಿಲ್ಲ, ಮಳೆಗೆ ಅಂಟು ಒಣಗವಲ್ದು," ಅಂದೆ.

"ಇಲ್ಲಿ ನಾಲ್ಕು ದಿನದಿಂದ ಬಿಸಿಲು ಐತಲ್ಲವ್ವ."

"ದಾವಣಗೆರೆಯಾಗೂ ಬಿಸಿಲೇ ಸರ್. ಮಂಡಿಪೇಟೆಯಾಗೆ ಮಾತ್ರ ಮಳೆ ಬರ್ತೈತೆ. ಅದೂ ನಮ್ಮ ಓಣಿಗೆ."

ಅವ್ರು ಭೂತಗನ್ನಡಿ ಎತ್ತಿ ನನ್ನ ನೋಡಿದ್ರು. ಅದರಾಗೆ ಅವ್ರ ಕಣ್ಣು ಮಾವಿನಕಾಯಿ ಸೈಜಿಗೆ ಕಾಣ್ತು. ನಾನು ಗಡಿಬಿಡಿಯಾಗೆ ಮಾತು ತಿರುವಿದೆ. "ಸರ್, ಒಂದು ಡೌಟು. ಹಳೇ ಕಾಲದ ಕಾಗದ ಚೂರುಚೂರು ಆಗಿ ಸಿಕ್ರೆ, ಯಾವುದರ ಪಕ್ಕ ಯಾವುದು ಅಂತ ಹೆಂಗೆ ಗೊತ್ತಾಗ್ತೈತೆ?"

ಮೇಷ್ಟ್ರು ನೆಟ್ಟಗೆ ಕುಂತ್ರು. ಯಾವ ವಿದ್ಯಾರ್ಥಿನೂ ಅವ್ರಿಗೆ ಆ ಪ್ರಶ್ನೆ ಇಷ್ಟು ಪ್ರಾಣ ಇಟ್ಟು ಕೇಳಿರ್ಲಿಕ್ಕಿಲ್ಲ.

"ಈಜಿಪ್ಟಿನಾಗೆ," ಅಂದ್ರು, "ಮರಳಿನಡಿ ಹಳೇ ಊರುಗಳ ತಿಪ್ಪೆ ಅಗೆದ್ರು. ಮೊದಲ ಸಭೆಗಳೋರು ಓದಿ, ಹರಿದು, ಬಿಸಾಕಿದ ಹಾಳಿ ಅಲ್ಲಿ ಸಿಕ್ವು. ನಾವು ಇವತ್ತು ಓದೋದ್ರಾಗೆ ಎಷ್ಟೋ ಭಾಗ ತಿಪ್ಪೆಯಿಂದ ಎದ್ದು ಬಂದಿದ್ದು. ಬೆರಳಗಲದ ಚೂರು. ಮೊದಲು ಬಾಯಿಗೆ ಬಂದಂಗೆ ಓದಬಾರ್ದು. ಹಾಳಿ ನೋಡು, ದಪ್ಪ ಎಷ್ಟು. ಇಂಕು ನೋಡು. ಸಾಲು ಸಾಲಿನ ನಡುವಿನ ಜಾಗ ಅಳೆ. ಕಡೆಗೆ ಅಕ್ಷರ. ಇಲ್ಲಿ ಅರ್ಧ ಅಕ್ಷರ ಉಳಿದಿದ್ರೆ ಉಳಿದರ್ಧ ಎಲ್ಲೋ ಒಂದು ಚೂರಿನಾಗೆ ಇದರ ದಾರಿ ಕಾಯ್ತಿರ್ತೈತೆ."

ನಾನು ಒಂಟಿ ಕಾಲಿನ 'ಣ' ನೆನೆಸ್ಕೊಂಡೆ.

"ಇನ್ನೊಂದು ಗೊತ್ತೇನು ನಿಂಗೆ? ಆಗ ಎಲ್ಲಾರೂ ಸುರುಳಿ ಓದ್ತಿದ್ರು. ಹಾಳಿ ಮಡಚಿ, ಹೊಲಿದು, ಪುಸ್ತಕ ಮಾಡೋದನ್ನ ಮೊದಮೊದಲು ಹಚ್ಕೊಂಡೋರಾಗೆ ಈ ಬಡ ಸಭೆಗಳೋರೂ ಒಬ್ಬರು. ನಿಮ್ಮ ಅಬ್ಬಾನ ಕಸುಬಿಗೆ ಬೋಣಿ ಮಾಡ್ದೋರು."

ಅಂತೋಣಮ್ಮ ಚಹಾ ತಂದಿಟ್ರು. ಕೈತುಂಬ ಹೊಸ ಹಸಿರು ಬಳೆ, ಲೋಟ ಇಟ್ರೆ ಗಲ್ ಅಂತು. "ಬಳೆ ಭಾಳ ಚಂದ ಅದಾವೆ ಅಜ್ಜಿ," ಅಂದೆ ಬೆಣ್ಣೆ ಹಚ್ಚೋಕೆ. ಅಂತೋಣಮ್ಮ ಮೇಷ್ಟ್ರ ಮುಖ ನೋಡಿದ್ರು, ಮೇಷ್ಟ್ರು ಚಹಾದಾಗೆ ಮುಖ ಇಟ್ರು. ನಾನು ಆಗ ಅದನ್ನ ಗಮನಿಸಿದ್ದೆ, ಆದ್ರೆ ಅದರ ಅರ್ಥ ಗಮನಿಸ್ಲಿಲ್ಲ.

ಹಿಂಗೆ ಮೂರು ಭಾನುವಾರ ಹೋದೆ. ಪ್ರತಿ ಸಲ ಒಂದು ಡೌಟು ಒಯ್ತಿದ್ದೆ, ಒಂದು ಪಾಠ ಹೊತ್ಕೊಂಡು ಬರ್ತಿದ್ದೆ, ಸೋಮವಾರದಿಂದ ಕಾಲೇಜು ಬಿಟ್ಟ ಮೇಲೆ ಅಂಗಡಿಯಾಗೆ ಕುಂತು ಕೂಡಿಸ್ತಿದ್ದೆ. ಹಳೇ ನಕಲುಗಾರರು ಹೆಂಗೆ ತಪ್ತಾರೆ ಅಂತ ಹೇಳಿದ್ರು. ಎರಡು ಸಾಲಿನ ಕೊನೇಗೆ ಒಂದೇ ಪದ ಇದ್ರೆ ಕಣ್ಣು ಜಾರಿ ನಡುವಿನ ಸಾಲು ಮಾಯ ಆಗ್ತೈತಂತೆ. ಅಂಗಡಿಗೆ ಬಂದು ನೋಡಿದ್ರೆ ನಾನೂ ಅದೇ ತಪ್ಪು ಮಾಡಿ ಎರಡು ಪಟ್ಟಿ ಅದಲುಬದಲು ಹಚ್ಚಿದ್ದೆ. ಬಿಡಿಸಿದೆ, ಮತ್ತೆ ಕೂಡಿಸಿದೆ. ತೆಳ್ಳನೆ ಟಿಶ್ಯೂ ಪೇಪರಿಗೆ ಅಂಟು ಸವರಿ, ಉಸಿರು ಬಿಗಿಹಿಡಿದು, ಅರ್ಧ ಅಕ್ಷರಕ್ಕೆ ಅರ್ಧ ಅಕ್ಷರ ತಾಗಿಸೋದು. 'ಣ' ತನ್ನ ಇನ್ನೊಂದು ಕಾಲು ಊರಿದ ದಿನ ನಾನು ಬೆಲ್ಲದ ಮಂಡಿಗೆ ಓಡಿಹೋಗಿ ಒಂದು ತುಂಡು ಬೆಲ್ಲ ತಗೊಂಡು ಬಂದು ಮಶಿನ್ನಿಗೆ ತೋರಿಸಿ, ಹೊರಗಿನ ಇರುವೆಗೆ ಹಾಕಿದೆ. ತಿನ್ನೋಕೆ ನಂಗೆ ಹಸಿವಿರ್ಲಿಲ್ಲ.

ಮೂರನೇ ಭಾನುವಾರ ಮೇಷ್ಟ್ರು ಒಂದು ಮಾತು ಹೇಳಿದ್ರು. "ಒಂದೇ ಸಾಲು ಎರಡು ನಕಲಿನಾಗೆ ಎರಡು ತರ ಐತೆ ಅನ್ಕೋ. ಒಂದು ನುಣ್ಣಗೆ, ಚಂದಾಗಿ ಓದಿಸ್ಕೊಂಡು ಹೋಗ್ತೈತೆ. ಇನ್ನೊಂದು ಒರಟು, ಎಡವಿಸ್ತೈತೆ. ಸಾಮಾನ್ಯವಾಗಿ ಒರಟಿರೋದೇ ಹಳೇದು, ನಿಜದ್ದು. ಯಾಕ ಹೇಳು?"

"ಯಾಕ ಸರ್?"

"ನಕಲು ಮಾಡೋನಿಗೆ ಕೈ ಸುಮ್ನಿರಲ್ಲ. ಒರಟಿದ್ದದ್ದನ್ನ ನುಣ್ಣಗೆ ಮಾಡ್ತಾನೆ. ನುಣ್ಣಗಿದ್ದದ್ದನ್ನ ಯಾವನೂ ಒರಟು ಮಾಡಲ್ಲ."

ನುಣ್ಣನೆ ಅಂಚಿನ ಮನೆತನದಾಕಿ ನಾನು. ಆ ಮಾತು ನನ್ನ ಕಿವಿಯಾಗೆ ಹೋಗಿ, ಒಳಗೆ ಜಾಗ ಸಿಗದೆ ವಾಪಸ್ ಬಂತು.

ಎಂಬತ್ತಾರು ಕೂಡಿದ್ವು. ಎಂಬತ್ತೇಳನೇದು ಇಲ್ಲ. ಚೀಲ ತಲೆಕೆಳಗು ಮಾಡಿದೆ, ಇಸ್ಮಾಯಿಲ್ ಚಾಚಾನ ಗೋಡೌನ್ ಗುಡಿಸಿದೆ, ಶಾರದಕ್ಕಂಗೆ ಆರು ಸಲ ಫೋನ್ ಮಾಡಿದೆ. ಏಳನೇ ಸಲ ಆಕಿ, "ಏ ಹುಡುಗಿ, ಇನ್ನೊಂದು ಸಲ ಫೋನ್ ಮಾಡಿದ್ರೆ ನಿನ್ನನ್ನೇ ಕಾಗದದಾಗೆ ಸುತ್ತಿ ಮಾರ್ತೀನಿ," ಅಂದ್ಲು. ಆ ಹಾಳಿಯಾಗೆ ಪತ್ರ ಹೊತ್ತು ಊರೂರು ನಡೆದೋರ ವಿಷಯ ಇತ್ತು. ಅಂಚಿನಾಗೆ ಉಳಿದಿದ್ದು ಇಷ್ಟೇ: "ಪತ್ರ ಹೊತ್ತವರ ಹೆಸರು". ಮುಂದೆ ಗಾಳಿ.

ನಾಳೆ ಬಿಟ್ಟು ನಾಡಿದ್ದು ಶನಿವಾರ. ಆಗ ನಂಗೆ ಒಂದು ಅದ್ಭುತ ಐಡಿಯಾ ಬಂತು. ನನ್ನ ಅದ್ಭುತ ಐಡಿಯಾಗಳ ಬಗ್ಗೆ ಊರಾಗೆ ಒಳ್ಳೇ ಮಾತಿಲ್ಲ, ಆದ್ರೂ. ಎಂಬತ್ತಾರು ಪಟ್ಟಿ ಕೂಡಿಸಿ ಕೂಡಿಸಿ ಮೇಷ್ಟ್ರ ಕೈಬರಹ ನನ್ನ ಕೈಯಾಗೇ ಕುಂತಿತ್ತು. ಅದೇ ನೀಲಿಗಪ್ಪು ಇಂಕು ತಂದೆ. ಅದೇ ತರದ ಹಾಳಿಯಾಗೆ ಒಂದು ಪಟ್ಟಿ ಕತ್ತರಿಸಿ, ಇರುವೆ ಅಕ್ಷರದಾಗೆ ಬರೆದೆ: "ಗಾಳಿ ಬರೆದುಕೊಂಡಿತು, ನದಿ ಓದಿಕೊಂಡಿತು, ಮರಳು ಇಂದಿಗೂ ಬಾಯಿಪಾಠ ಒಪ್ಪಿಸುತ್ತಿದೆ."

ಓದ್ಕೊಂಡು ನನ್ನ ಕಣ್ಣಾಗೇ ನೀರು ಬಂತು. ಅಂಟಿಸಿದೆ. ಅಗಲ ಆದ ಹಾಳಿಗೆ ತಕ್ಕಂಗೆ ದೊಡ್ಡ ರಟ್ಟು ಕತ್ತರಿಸಿ, ಕಂದು ಕ್ಯಾಲಿಕೊ ಬಟ್ಟೆ ಹೊದಿಸಿ, ಪುಸ್ತಕ ಮುಗಿಸಿದೆ.

ಶುಕ್ರವಾರ ಮಧ್ಯಾಹ್ನ ಕಾಲೇಜಿಗೆ ಚಕ್ಕರ್ ಹೊಡೆದು ಹರಿಹರಕ್ಕೆ ಹೋದೆ. ಮೇಷ್ಟ್ರು ಪುಸ್ತಕ ತೊಡೆ ಮೇಲೆ ಇಟ್ಕೊಂಡ್ರು. ಭೂತಗನ್ನಡಿ ತಗೊಂಡು ಒಂದೊಂದೇ ಹಾಳಿ ತಿರುವಿದ್ರು. ಟಿಶ್ಯೂ ಹಚ್ಚಿದ ಗೆರೆ ಮೇಲೆ ಬೆರಳು ಓಡಿಸಿದ್ರು. ನಾನು ತಾರಸಿ ನೋಡ್ತಿದ್ದೆ. ಅಲ್ಲಿ ಹಲ್ಲಿ ಒಂದಿತ್ತು, ಅದೂ ನನ್ನ ಕಡೆ ಅನುಮಾನದಾಗೆ ನೋಡ್ತಿತ್ತು.

ಒಂದು ಹಾಳಿಯಾಗೆ ಮೇಷ್ಟ್ರು ನಿಂತ್ರು. ಓದಿದ್ರು. ಮತ್ತೆ ಓದಿದ್ರು. ಆಮೇಲೆ ಜೋರಾಗಿ ಕರೆದ್ರು. "ಅಂತೋಣಮ್ಮ, ಬಾ ಇಲ್ಲಿ. ಮೂವತ್ತು ವರ್ಷದಾಗೆ ನಾನು ಬರೆದ ಅತ್ಯಂತ ಚಂದದ ಸಾಲು ಕೇಳು." ಓದಿ ಹೇಳಿದ್ರು. ಗಾಳಿ, ನದಿ, ಮರಳು, ಎಲ್ಲಾ.

ಅಂತೋಣಮ್ಮ ಬಾಗಿಲಾಗೆ ನಿಂತು, "ನೀನು ಬರೆದಿದ್ದಾ? ನಿಂಗೆ ಯಾವಾಗ ಬುದ್ಧಿ ಬಂತು?" ಅಂದ್ರು.

"ಅದೇ ನಾನೂ ಕೇಳ್ತಿದೀನಿ," ಅಂತ ಮೇಷ್ಟ್ರು ನನ್ನ ಕಡೆ ತಿರುಗಿದ್ರು. "ನೋಡವ್ವ, ಎರಡು ಪದ ಹಿಡಿಯೋ ಜಾಗದಾಗೆ ಯಾರೋ ಒಂದು ಮೆರವಣಿಗೆ ತುರುಕಿದಾರೆ. ಅಕ್ಷರ ನಂದೇ. ಇಂಕೂ ನಂದೇ. ಆದ್ರೆ ಇದು ಭಾಳ ನುಣ್ಣಗೈತೆ. ನಾನು ಈ ಜನ್ಮದಾಗೆ ಗಾಳಿ ಕೈಯಾಗೆ ಪೆನ್ನು ಕೊಟ್ಟೋನಲ್ಲ."

ನನ್ನ ನಾಲಿಗೆ ಇದೆಯಲ್ಲ, ಎಂಟೂ ದಿಕ್ಕಿಗೆ ಓಡೋ ನಾಲಿಗೆ, ಅದು ಅವತ್ತು ಒಂದೇ ದಿಕ್ಕಿಗೆ ಹೋತು. "ನಾನೇ ಬರೆದಿದ್ದು ಸರ್. ಅಂಚು ಹೊಡೆದಿದ್ದೂ ನಾನೇ. ನೀವು ಬ್ಯಾಡ ಅಂದ್ರಿ, ನಾನು ಕೇಳಿಸ್ಕೊಳ್ಲಿಲ್ಲ. ಗ್ರೀಕೂ ಬರಲ್ಲ ನಂಗೆ."

"ಗ್ರೀಕ್ ಬರಲ್ಲ ಅಂತ ಮೊದಲ್ನೇ ದಿನವೇ ಗೊತ್ತಾತು ಬಿಡು." ಅವ್ರು ಮೇಜಿನ ಖಾನೆ ಎಳೆದ್ರು. ಒಂದು ಲಕೋಟೆ ತೆಗೆದ್ರು. ಲಕೋಟೆಯಿಂದ ಒಂದು ಪಟ್ಟಿ. ಬೆರಳಗಲ, ಬಳೆ ಸುತ್ತಿದ್ದಕ್ಕೆ ಇನ್ನೂ ಗುಂಡಗೆ ಬಾಗಿಕೊಂಡೇ ಇತ್ತು.

"ನಮ್ಮ ಅಂತೋಣಮ್ಮ ಶಾರದಕ್ಕನ ಹತ್ರ ಬಳೆ ತಗೊಂಡು ಬಂದ್ಲು. ಬಿಚ್ಚಿದ್ರೆ ಇದು ಬಿತ್ತು. ನಾನು ಎತ್ಕೊಂಡು ನೋಡ್ತೀನಿ, ನನ್ನದೇ ಕೈ. ಅವತ್ತು ಮಾತ್ರ..." ಅಂತ ನಿಲ್ಲಿಸಿದ್ರು. ಕನ್ನಡಕ ತೆಗೆದು ಒರೆಸಿದ್ರು. "ಮಾರನೇ ಭಾನುವಾರ ನೀನು ಬಂದು ಚೂರು ಹೆಂಗೆ ಕೂಡಿಸೋದು ಅಂತ ಕೇಳಿದಿ. ಆಗ ಉಸಿರು ಬಿಟ್ಟೆ. ಚೂರು ಎಲ್ಲೋ ಅದಾವೆ, ಯಾರೋ ಕೂಡಿಸ್ತಿದಾರೆ ಅಂತ ಗೊತ್ತಾತು."

"ಮತ್ತೆ ಯಾಕ ಸರ್ ಬೈಲಿಲ್ಲ?"

"ಬೈದಿದ್ರೆ ಹೆದರಿ ಬಿಟ್ಟುಬಿಡ್ತಿದ್ದಿ. ಆಮೇಲೆ ಕೂಡಿಸೋರು ಯಾರು? ನನ್ನ ಕಣ್ಣಾ?"

"ಜೆರಾಕ್ಸ್ ಆದ್ರೂ ಇರ್ಲಿಲ್ವಾ ಸರ್?"

"ಐತೆ. ಆ ಮಶಿನ್ನೂ ಅಂಚು ತಿಂದಾಕಿಬಿಟ್ಟೈತೆ. ಅದೂ ನಿನ್ನ ಜಾತಿದೇ."

ಅಂತೋಣಮ್ಮ ನಕ್ರು. ಬಳೆ ಗಲ್ ಅಂದ್ವು. ನಾನು ಅತ್ತು, ನಕ್ಕು, ಮೂಗು ಒರೆಸ್ಕೊಂಡು, ಮೂರೂ ಒಟ್ಟಿಗೆ ಮಾಡಿದೆ. ನಾಲ್ಕು ವಾರದಿಂದ ಎದೆ ಮೇಲೆ ಕುಂತಿದ್ದ ಕಟಿಂಗ್ ಮಶಿನ್ ಎದ್ದು ಹೋದಂಗಾತು. ಸಿಕ್ಕಿಬೀಳೋದು ಇಷ್ಟು ಹಗುರ ಇರ್ತೈತೆ ಅಂತ ಗೊತ್ತಿದ್ರೆ ಮೊದಲ್ನೇ ದಿನವೇ ಸಿಕ್ಕಿಬಿದ್ದಿರ್ತಿದ್ದೆ.

ಪಟ್ಟಿ ಕೈಗೆ ತಗೊಂಡು ನೋಡಿದೆ. ಪತ್ರ ಹೊತ್ತವರ ಹೆಸರು ಆದ್ಮೇಲೆ ಮೇಷ್ಟ್ರು ನಿಜವಾಗ್ಲೂ ಬರೆದಿದ್ದು ಎರಡೇ ಪದ:

"ಗೊತ್ತಿಲ್ಲ. ಹುಡುಕು."

"ಇಷ್ಟೇನಾ ಸರ್?"

"ಇಷ್ಟೇ. ಮೂವತ್ತು ವರ್ಷದಾಗೆ ನಾನು ಖಾತ್ರಿಯಾಗಿ ಹೇಳೋಕೆ ಬರೋ ಮಾತು ಕೆಲವೇ, ಅದರಾಗೆ ಇದೂ ಒಂದು. ನಾನು ಹೋದ್ಮೇಲೆ ಯಾರಾದ್ರೂ ಓದೋರು ಇದನ್ನ ನೋಡಿ ಹುಡುಕ್ತಾರೆ ಅಂತ ಬರೆದಿದ್ದು. ನಿನ್ನ ಗಾಳಿ ನದಿ ಓದಿದ್ರೆ, ಆಹಾ ಅಂದು ಪುಸ್ತಕ ಮುಚ್ತಿದ್ರು. ಹುಡುಕ್ತಿರ್ಲಿಲ್ಲ."

ಅಂತೋಣಮ್ಮ ಅಡುಗೆ ಮನೆಯಾಗೆ ಮೈದಾ ಅಂಟು ಕಾಯಿಸಿಕೊಟ್ರು. ಅಲ್ಲೇ ಕುಂತು ನನ್ನ ಸುಳ್ಳನ್ನ ಬಿಸಿನೀರಿನ ಬಟ್ಟೆ ಒತ್ತಿ ಬಿಡಿಸಿದೆ, ಅವ್ರ ನಿಜ ಅಂಟಿಸಿದೆ. ಮೇಷ್ಟ್ರು ಭೂತಗನ್ನಡಿ ಹಿಡಿದು ನನ್ನ ಕೈನೇ ನೋಡ್ತಿದ್ರು. ಅರ್ಧ ಅಕ್ಷರಕ್ಕೆ ಅರ್ಧ ಅಕ್ಷರ ಕುಂತಾಗ, "ಹಾಂ," ಅಂದ್ರು. ಅಷ್ಟೇ. ಅಂಥ "ಹಾಂ" ನಂಗೆ ಯಾವ ಪರೀಕ್ಷೆಯಾಗೂ ಬಂದಿಲ್ಲ.

ಹೊರಡೋವಾಗ ನನ್ನ ಸುಳ್ಳು ಪಟ್ಟಿ ಒಣಗಿಸಿ ಅದೇ ಲಕೋಟೆಯಾಗೆ ಹಾಕಿ ನನ್ನ ಕೈಗೆ ಕೊಟ್ರು. "ಬಿಸಾಕಬ್ಯಾಡ. ಚೆನ್ನಾಗಿ ಬರೆದಿದಿ. ಆದ್ರೆ ಇನ್ಮೇಲೆ ನಿನ್ನ ಹೆಸರಿನಾಗೆ ಬರಿ, ನನ್ನ ಅಂಚಿನಾಗೆ ಬ್ಯಾಡ."

ಅಬ್ಬಾಗೆ ಹೇಳಿದ್ದು ಮಾರನೇ ದಿನ. ಅವ್ರು ಪೂರ್ತಿ ಕೇಳಿ, ಎಡಗೈಯಾಗೇ ಮಶಿನ್ನಿನ ಚಕ್ರಕ್ಕೆ ಸರಪಳಿ ಹಾಕಿ ಬೀಗ ಜಡಿದು, ಬೀಗದ ಕೈ ಪ್ಲಾಸ್ಟರಿನ ಒಳಗೆ ತೂರಿಸ್ಕೊಂಡ್ರು. ಪ್ಲಾಸ್ಟರ್ ಬಿಚ್ಚುವಾಗ ಆಸ್ಪತ್ರೆಯಾಗೆ ಅದು ಠಣ್ ಅಂತ ಬಿದ್ದು ಡಾಕ್ಟ್ರು ಗಾಬರಿ ಆಗಿದ್ದು ಬೇರೆ ಕಥೆ.

ಆದ್ರೆ ಆ ಶುಕ್ರವಾರ ಸಂಜೆ ಇನ್ನೂ ಯಾರಿಗೂ ಏನೂ ಗೊತ್ತಿರ್ಲಿಲ್ಲ. ಬಸ್ ದಾವಣಗೆರೆಗೆ ಬಂತು. ಮಳೆ ನಿಜವಾಗ್ಲೂ ಬರ್ತಿತ್ತು, ನಮ್ಮ ಓಣಿಗೆ ಮಾತ್ರ ಅಲ್ಲ, ಇಡೀ ಊರಿಗೆ. ಇಳಿದು ನಾಲ್ಕು ಹೆಜ್ಜೆ ಇಟ್ಟಿಲ್ಲ, ಗಾಡಿಯಾಗೆ ಮೆಣಸಿನಕಾಯಿ ಎಣ್ಣೆಗೆ ಬಿದ್ದ ಸದ್ದು ಕೇಳ್ತು, ಹೊಟ್ಟೆ ಗುರ್ ಅಂತು. ನಾಲ್ಕು ವಾರ ಆದ್ಮೇಲೆ ಹಸಿವು ವಾಪಸ್ ಬಂದಿತ್ತು, ಬಡ್ಡಿ ಸಮೇತ. ಮಂಡಕ್ಕಿ, ನಾಲ್ಕು ಮಿರ್ಚಿ ಹೇಳಿದೆ. ಗಾಡಿಯೋನು ಹಳೇ ಕಾಗದದ ಪೊಟ್ಟಣದಾಗೆ ತುಂಬಿ ಕೊಟ್ಟ.

ತಿನ್ನಲಿಲ್ಲ. ಮೊದಲು ಮಂಡಕ್ಕಿನೆಲ್ಲಾ ಗಾಡಿ ಮೇಲಿನ ತಟ್ಟೆಗೆ ಸುರುವಿದೆ. ಪೊಟ್ಟಣ ಬಿಚ್ಚಿ, ದೀಪಕ್ಕೆ ಹಿಡಿದು, ನಾಲ್ಕೂ ಅಂಚು ಓದಿದೆ.

"ಏನು ಹುಡುಕ್ತಿ ತಂಗಿ?" ಅಂದ ಗಾಡಿಯೋನು.

"ಗೊತ್ತಿಲ್ಲಣ್ಣ," ಅಂದೆ. ಅಚ್ಚಾದ ಹಳೇ ಪ್ರಶ್ನೆಪತ್ರಿಕೆ ಅದು, ಅಂಚಿನಾಗೆ ಯಾರೂ ಏನೂ ಬರೆದಿರ್ಲಿಲ್ಲ. ಆಮೇಲೆ ಕುಂತು, ನಾಲ್ಕೂ ಮಿರ್ಚಿ ತಿಂದು, ಇನ್ನೆರಡು ಹೇಳಿದೆ.